ತಡವಾಗಿ ಬಂದ ಅಳು

ಖಾನಾಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ತಮ್ಮಣ್ಣನ ಅಕ್ಕ ಮಾಯವ್ವ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಗಿರಣಿಯ ಕಟ್ಟೆಯ ಮೇಲೆ ಬಿಸಿಲಿಗೆ ಕೂಡುತ್ತಿದ್ದಳು. ಜೋಳದ ಡಬ್ಬಿ, ಅಕ್ಕಿಯ ಚೀಲ ತಂದವರು ಅವಳನ್ನು ಮಾತಾಡಿಸುತ್ತಿದ್ದದ್ದು ಕಡಿಮೆ. ಮಾತಾಡಿಸಿದರೂ ಉತ್ತರ ಬರಲು ಹೊತ್ತು ಹಿಡಿಯುತ್ತಿತ್ತು, ಬಂದ ದನಿಯೂ ಗೊಗ್ಗರಾಗಿರುತ್ತಿತ್ತು. ಹುಬ್ಬಿನ ಕೂದಲು ಅರ್ಧ ಉದುರಿತ್ತು, ಮುಖ ಬಿಳಿಚಿಕೊಂಡು ಊದಿತ್ತು. ಇನ್ನೂ ನಲವತ್ತು ದಾಟದವಳನ್ನು ಹೊಸಬರು ತಮ್ಮಣ್ಣನ ತಾಯಿಯೆಂದು ತಿಳಿಯುತ್ತಿದ್ದರು.

ಅವಳನ್ನು ಕೊಟ್ಟದ್ದು ಬೆಳಗಾವಿಯ ಅನಗೋಳಕ್ಕೆ. ಗಂಡ ಹಣಮಪ್ಪ ಮಚ್ಛೆಯ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ಮದುವೆಯಾದ ಹೊಸದರಲ್ಲಿ ಮಾಯವ್ವನ ನಗು ಓಣಿಯ ಆ ತುದಿಗೆ ಕೇಳಿಸುತ್ತಿತ್ತಂತೆ. ಮಗಳು ಸೃಷ್ಟಿ ಹುಟ್ಟುವಾಗ ರಕ್ತಸ್ರಾವ ನಿಲ್ಲಲೇ ಇಲ್ಲ. ಬಾಟಲಿಗಟ್ಟಲೆ ರಕ್ತ ಏರಿಸಿ ಡಾಕ್ಟರುಗಳು ಅವಳ ಜೀವ ಉಳಿಸಿದರು. ತಾಯಿ, ಮಗು ಇಬ್ಬರೂ ಉಳಿದರಲ್ಲ ಎಂದು ಮನೆಯವರು ಪೇಢೆ ಹಂಚಿದರು.

ಆದರೆ ಎದೆಯಲ್ಲಿ ಒಂದು ಹನಿ ಹಾಲು ಬರಲಿಲ್ಲ. ಮಾಯವ್ವ ಹಾಸಿಗೆ ಬಿಟ್ಟು ಏಳಲಿಲ್ಲ. ಬಾಜುವಿನಲ್ಲೇ ಮಲಗಿದ ಮಗುವಿನ ಅಳು ಅವಳಿಗೆ ಯಾರದೋ ಮನೆಯ ಅಳುವಿನಂತೆ ಕೇಳುತ್ತಿತ್ತು. ಎತ್ತಿಕೊಳ್ಳಬೇಕು ಎಂಬುದು ಗೊತ್ತಿತ್ತು, ಮನಸ್ಸು ಮಾತ್ರ ಆ ಕಡೆ ಹೊರಳುತ್ತಿರಲಿಲ್ಲ. ಹಣಮಪ್ಪನ ಅಣ್ಣನ ಹೆಂಡತಿ, ಮಕ್ಕಳಿಲ್ಲದ ನೆಗೆಣ್ಣಿ ನೇತ್ರಾ ಮಗುವನ್ನು ತನ್ನ ಮಗ್ಗುಲಿಗೆ ಹಾಕಿಕೊಂಡಳು. ಸ್ವಲ್ಪ ದಿನ ತವರಿನಲ್ಲಿದ್ದು ಸುಧಾರಿಸಿಕೊಳ್ಳಲಿ ಎಂದು ಹಣಮಪ್ಪ ಹೆಂಡತಿಯನ್ನು ಖಾನಾಪುರಕ್ಕೆ ತಂದು ಬಿಟ್ಟ.

ಸುಧಾರಿಸುವುದು ಆಗಲಿಲ್ಲ. ಮುಟ್ಟು ನಿಂತೇ ಹೋಯಿತು. ರವಿವಾರ ಬಂತೆಂದರೆ ಹಣಮಪ್ಪ ಮೋಟರ್ ಸೈಕಲ್ ಮೇಲೆ ಬಂದು ಅವಳ ಎದುರು ಕೂತು ಮಗಳ ಸುದ್ದಿ ಹೇಳುತ್ತಿದ್ದ. ಹಲ್ಲು ಬಂತು, ನಡೆಯಾಕ ಹತ್ತೇತಿ, ಸಾಲಿಗೆ ಹಾಕೇವಿ. ಮಾಯವ್ವ ಹೂಂ ಎನ್ನುತ್ತಿದ್ದಳು. ಹಾಗೆ ಬಂದು ತಿರುಗಿ ಹೋಗುವಾಗ ಒಂದು ಮಳೆಗಾಲದ ಸಂಜೆ ಲಾರಿ ಬಡಿದು ಅವನು ದಾರಿಯಲ್ಲೇ ಸತ್ತ. ಹೆಣದ ಎದುರು ಕೂತ ಮಾಯವ್ವನ ಕಣ್ಣಿನಿಂದ ನೀರು ಬರಲಿಲ್ಲ. ಬಂದ ಹೆಂಗಸರು ಕಲ್ಲು ಎಂದರು. ತಾನು ಇರುವುದೇ ಹೀಗೇನೋ ಎಂದು ಅವಳಿಗೂ ಅನಿಸಿತು.

ಇದೆಲ್ಲ ಆಗಿ ಹತ್ತು ವರ್ಷದ ಮೇಲೆ, ಓಣಿಯ ಆಶಾ ಕಾರ್ಯಕರ್ತೆ ಅವಳನ್ನು ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯಿಂದ ಸಮೃದ್ಧಿ ಎಂಬ ಡಾಕ್ಟರ್ ಬಂದಿದ್ದಳು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ಹೆಂಗಸರು ಆಮೇಲೆ ಹೇಗಿದ್ದಾರೆ, ಅವರ ಹಾರ್ಮೋನುಗಳಲ್ಲಿ ಏನು ಏರುಪೇರಾಗಿದೆ ಎಂಬುದು ಅವಳ ಸಂಶೋಧನೆ. ಖಾನಾಪುರದಿಂದ ಲೋಂಡಾದವರೆಗೆ ಊರೂರು ತಿರುಗುತ್ತಿದ್ದಳು.

"ಕೂಸು ಹುಟ್ಟಿದ ಮ್ಯಾಲ ಎದಿ ಹಾಲು ಬಂದಿತ್ತೇನ್ರೀ?" ಸಮೃದ್ಧಿ ಕೇಳಿದಳು.

ಮಾಯವ್ವ ಅವಳ ಮುಖವನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಈ ಮಾತು ಯಾರೂ ಕೇಳಿರಲಿಲ್ಲ. ಶಕ್ತಿಯ ಟಾನಿಕ್ ಬರೆದುಕೊಟ್ಟಿದ್ದರು, ಮನಸ್ಸು ಗಟ್ಟಿ ಮಾಡಿಕೋ ಎಂದಿದ್ದರು, ದೇವರಿಗೆ ನಡೆದುಕೋ ಎಂದಿದ್ದರು.

"ಇಲ್ಲ," ಎಂದಳು.

"ಮುಟ್ಟು?"

"ಆ ಮ್ಯಾಲ ಆಗೇ ಇಲ್ರಿ."

ಸಮೃದ್ಧಿ ಪೆನ್ನು ಕೆಳಗಿಟ್ಟು ಅವಳ ಕೈ ಹಿಡಿದು ನೋಡಿದಳು. ಹೊರಗೆ ಏಪ್ರಿಲ್ ಬಿಸಿಲು, ಕೈ ಮಾತ್ರ ತಣ್ಣಗಿತ್ತು.

ಮುಂದಿನ ವಾರ ತಮ್ಮಣ್ಣ ಗಿರಣಿ ಮುಚ್ಚಿ ಅಕ್ಕನನ್ನು ಬೆಳಗಾವಿಗೆ ಕರೆದುಕೊಂಡು ಹೋದ. ಯಾವ ಪರೀಕ್ಷೆ, ಯಾಕೆ ಎಂಬುದನ್ನೆಲ್ಲ ಸಮೃದ್ಧಿ ಮೊದಲೇ ಬಿಡಿಸಿ ಹೇಳಿದಳು. ಒಲ್ಲೆ ಅನಿಸಿದರೆ ಯಾವಾಗ ಬೇಕಾದರೂ ಎದ್ದು ಹೋಗಬಹುದು ಎಂದಳು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದರು. ಒಂದು ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದರು, ಇನ್ನೂ ಒಮ್ಮೆ ತೆಗೆದರು. ಆ ಇಂಜೆಕ್ಷನ್ನಿಗೆ ಮೈ ಎಷ್ಟು ಎಚ್ಚರಾಗುತ್ತದೆ ಎಂದು ನೋಡುವ ಪರೀಕ್ಷೆ ಅದು. ಸಮೃದ್ಧಿ ಕೊಳವೆಗಳನ್ನು ಐಸಿನ ಡಬ್ಬಿಯಲ್ಲಿಟ್ಟು ತಾನೇ ಪ್ರಯೋಗಾಲಯಕ್ಕೆ ಹೊತ್ತುಕೊಂಡು ಹೋದಳು. ಮಧ್ಯಾಹ್ನ ತಲೆಯ ಸ್ಕ್ಯಾನ್ ಆಯಿತು.

ಫಲಿತಾಂಶ ಬಂದ ದಿನ ಸಮೃದ್ಧಿ ಸ್ಕ್ಯಾನಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿದಳು.

"ಮೆದುಳಿನ ಬುಡಕ ಇಲ್ಲೊಂದು ಗ್ರಂಥಿ ಇರತೈತಿ, ಕಡ್ಲಿಕಾಳಿನಷ್ಟು. ಮೈಯಾಗಿನ ಎಲ್ಲಾ ಹಾರ್ಮೋನಿಗೂ ಅದ ಹುಕುಂ ಕೊಡೂದು. ಹೆರಿಗ್ಯಾಗ ರಕ್ತ ಬಾಳ ಹೋತಲ್ಲ, ಆವಾಗ ಅದಕ್ಕ ರಕ್ತ ಸಾಲಲಿಲ್ಲ. ಒಣಗಿ ಹೋಗೇತಿ. ನೋಡ್ರಿ, ಜಾಗಾ ಖಾಲಿ ಐತಿ."

ಮಾಯವ್ವ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಹಂಗಾರ ನಾ ಮೈಗಳ್ಳಿ ಅಲ್ಲೇನ್ರೀ?"

"ಅಲ್ರೀ. ನಿಮ್ಮ ಜಾಗಾದಾಗ ಬ್ಯಾರೆ ಯಾರರ ಇದ್ರ ಇಷ್ಟು ದಿನ ಉಳಿಯೂದೂ ಕಷ್ಟ ಇತ್ತು."

ತಮ್ಮಣ್ಣ ಕಿಟಕಿಯ ಕಡೆ ಮುಖ ತಿರುಗಿಸಿದ. ಮೈಗಳ್ಳಿ ಎಂಬ ಮಾತು ಅವನ ಬಾಯಿಂದಲೂ ಬಂದಿತ್ತು.

ಗುಳಿಗೆ ಶುರುವಾದವು. ಮೊದಲು ಒಂದು ಬಗೆ, ಕೆಲವು ದಿನ ಬಿಟ್ಟು ಥೈರಾಯ್ಡಿನದು. ಸಾಯುವತನಕ ಬಿಡುವಂತಿಲ್ಲ ಎಂದು ಸಮೃದ್ಧಿ ಬಿಗಿಯಾಗಿ ಹೇಳಿದಳು. ಮೊದಲು ಹಸಿವೆ ಬಂತು. ಆಮೇಲೆ ಸ್ವೆಟರ್ ಸೆಖೆ ಅನಿಸತೊಡಗಿತು. ದನಿ ತಿಳಿಯಾಯಿತು. ಒಂದು ಮುಂಜಾನೆ ಗಿರಣಿಯಿಂದ ಬರುವ ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿದು ಮಾಯವ್ವ ಕಟ್ಟೆಯಿಂದ ಎದ್ದು ಒಳಗೆ ಬಂದಳು, ಡಬ್ಬಿಗಳನ್ನು ತಾನೇ ತೂಕ ಮಾಡತೊಡಗಿದಳು. ತಮ್ಮಣ್ಣನಿಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ.

ಹೀಗೆ ಎರಡು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಗಿರಾಕಿಯೊಬ್ಬ ಹೆಲ್ಮೆಟ್ ಬಗಲಲ್ಲಿ ಇಟ್ಟುಕೊಂಡು ಗಿರಣಿಗೆ ಬಂದ. ಮಳೆಗೆ ತೊಯ್ದಿದ್ದ. ಹೊಸ್ತಿಲಲ್ಲಿ ನಿಂತು ಕೈಯಿಂದ ಮುಖ ಒರೆಸಿಕೊಂಡ. ಹಣಮಪ್ಪ ಒರೆಸಿಕೊಳ್ಳುತ್ತಿದ್ದದ್ದೂ ಹಾಗೆಯೇ. ಮಾಯವ್ವನ ಕೈಯಲ್ಲಿದ್ದ ಡಬ್ಬಿ ಕೆಳಗೆ ಬಿತ್ತು. ಅವಳು ಹಿಟ್ಟಿನ ನೆಲದ ಮೇಲೆ ಕುಸಿದು ಅಳತೊಡಗಿದಳು. ತಮ್ಮಣ್ಣ ಗಿರಣಿ ಬಂದ್ ಮಾಡಿ ಓಡಿ ಬಂದ.

"ಯಾಕಕ್ಕಾ, ಏನಾತು?"

"ಅವರು ಸತ್ರಲ್ಲೋ."

"ಯಾರು?"

"ಸೃಷ್ಟಿ ಅಪ್ಪ."

ತಮ್ಮಣ್ಣ ಅವಳ ಬಾಜು ಕೂತ. "ಅದು ಎಂದೋ ಆಗಿದ್ದಲ್ಲಕ್ಕಾ," ಎಂದ.

ಎಲ್ಲರಿಗೂ ಅದು ಎಂದೋ ಆಗಿಹೋದದ್ದು. ಹಣಮಪ್ಪನ ತಾಯಿ ಅತ್ತು ಮುಗಿಸಿ ತಾನೂ ಸತ್ತಿದ್ದಳು. ಅಣ್ಣ ಅವನ ಮೋಟರ್ ಸೈಕಲ್ ಗುಜರಿಗೆ ಹಾಕಿ ಮರೆತಿದ್ದ. ಅವನ ಹೆಸರು ಎತ್ತಿದರೆ ಕೂತು ಕೇಳುವವರು ಈಗ ಯಾರೂ ಇರಲಿಲ್ಲ. ಅವನು ತಂದು ಹೇಳಿದ ಸುದ್ದಿಗಳೆಲ್ಲ ಒಂದೊಂದಾಗಿ ಅವಳ ನೆನಪಿಗೆ ಬಂದವು. ಅವನು ಎಷ್ಟು ಹೊತ್ತು ಕೂತು ಕಾಯುತ್ತಿದ್ದ, ತಾನು ಬರೀ ಹೂಂ ಎಂದದ್ದಕ್ಕೆ ಯಾವ ಮುಖ ಹೊತ್ತು ತಿರುಗಿ ಹೋಗುತ್ತಿದ್ದ ಎಂಬುದು ಕಣ್ಣಿಗೆ ಕಟ್ಟಿತು.

ಮುಂದಿನ ತಪಾಸಣೆಗೆ ಹೋದಾಗ ಅವಳು ಇದನ್ನು ಸಮೃದ್ಧಿಗೆ ಹೇಳಿದಳು. ಸಮೃದ್ಧಿ ಗಾಬರಿಯಾದಳು.

"ಗುಳಿಗಿ ಮಾತ್ರ ನಿಲ್ಲಸಬ್ಯಾಡ್ರಿ. ಜೀವಕ್ಕ ಧೋಕಾ ಅದು."

"ನಿಲ್ಲಸ್ತೀನಿ ಅನ್ನಾಕ ಬಂದಿಲ್ರಿ. ಈ ಅಳು ಗುಳಿಗಿದೋ, ನಂದೋ? ಅಷ್ಟ ಕೇಳಾಕ ಬಂದೀನಿ."

ಸಮೃದ್ಧಿ ತನ್ನ ಸಂಶೋಧನೆಗೆಂದು ಬರೆದುಕೊಂಡಿದ್ದ ಪ್ರಶ್ನೆಗಳಲ್ಲಿ ಇದು ಇರಲಿಲ್ಲ.

"ನಿಮ್ದ ರೀ," ಎಂದಳು. "ಖರೇ ಹೇಳಬೇಕಂದ್ರ, ಇಷ್ಟು ದಿನ ಅದಕ್ಕ ಬರಾಕ ದಾರಿ ಇರಲಿಲ್ಲ."

ಆಸ್ಪತ್ರೆಯಿಂದ ಹೊರಬಿದ್ದ ಮಾಯವ್ವ ಬಸ್ ಸ್ಟ್ಯಾಂಡಿಗೆ ಹೋಗದೆ ಒಬ್ಬಳೇ ಅನಗೋಳಕ್ಕೆ ಹೋದಳು. ನೇತ್ರಾ ಬಾಗಿಲು ತೆಗೆದವಳು ಮೊದಲು ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ ಅವಳ ಮುಖ ಸಪ್ಪಗಾಯಿತು.

"ಹೆದರಬ್ಯಾಡ್ರಿ ಅಕ್ಕಾ," ಎಂದಳು ಮಾಯವ್ವ. "ಕರಕೊಂಡು ಹೋಗಾಕ ಬಂದಿಲ್ಲ. ನೋಡಿ ಹೋಗ್ತೀನಿ."

ಒಳಗಿನಿಂದ ಸೃಷ್ಟಿ ಬಂದಳು. ಪಿಯುಸಿ ಓದುವ ಹುಡುಗಿ, ನೀಳ ಕೈ, ಅಪ್ಪನದೇ ಹಣೆ. ಹೆತ್ತವಳು ಯಾರೆಂದು ಅವಳಿಗೆ ಗೊತ್ತಿತ್ತು. ಜಾತ್ರೆ, ಮದುವೆಗಳಲ್ಲಿ ದೂರದಿಂದ ನೋಡಿದ್ದಳು. "ಬರ್ರಿ, ಕುಂದರ್ರಿ," ಎಂದು ಕುರ್ಚಿ ಸರಿಸಿದಳು. ಅಡಿಗೆ ಮನೆಯ ಕಡೆ ಹೊರಳಿ "ಅವ್ವಾ, ಚಾ ಇಡು" ಎಂದು ನೇತ್ರಾಳಿಗೆ ಹೇಳಿದಳು.

ಮಾಯವ್ವ ಕುರ್ಚಿಯ ತುದಿಯಲ್ಲಿ ಕೂತು ತನ್ನ ರೋಗದ ಕಥೆ ಹೇಳಿದಳು. ಗ್ರಂಥಿ ಒಣಗಿದ್ದು, ಹಾಲು ಬರದೆ ಇದ್ದದ್ದು, ಮಗುವಿನ ಅಳು ಕೇಳಿಯೂ ಏಳಲಾಗದೆ ಮಲಗಿದ್ದು. ಸೃಷ್ಟಿ ದುಪಟ್ಟಾದ ಅಂಚು ತಿರುವುತ್ತ ಕೇಳಿದಳು.

"ನನಗೂ ಹಂಗ ಆಗತೈತೇನ್ರೀ ಮುಂದ?"

"ಇಲ್ಲವ್ವ. ಡಾಕ್ಟರಿಗೆ ಅದನ್ನ ಮೊದಲ ಕೇಳೀನಿ. ಇದು ವಂಶದಾಗ ಬರೂ ರೋಗ ಅಲ್ಲಂತ. ಹೆರಿಗ್ಯಾಗ ರಕ್ತ ಹೋಗಿದ್ದಕ್ಕ ಬಂದಿದ್ದು."

ಹುಡುಗಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"ಅಂದ್ರ ನಾ ಹುಟ್ಟಿದ್ದಕ್ಕ ಬಂತು."

ಮಾಯವ್ವ ಎದ್ದು ಹೋಗಿ ಅವಳ ಮುಂದೆ ನಿಂತಳು. ಕೈ ಹಿಡಿಯಬೇಕೆಂದವಳು ಹಿಡಿಯಲಿಲ್ಲ, ಹಿಡಿಯುವ ರೂಢಿ ಇಬ್ಬರಿಗೂ ಇರಲಿಲ್ಲ.

"ರಕ್ತ ಹೋಗಿದ್ದು ನನ್ನ ಮೈದು. ನೀ ಹುಟ್ಟಿದ್ದು ಬ್ಯಾರೆ ಮಾತು. ನಿಮ್ಮಪ್ಪ ಪೇಢೆ ಹಂಚಿದ್ರು. ಇವೆರಡೂ ಒಂದ ಅಂತ ಎಂದೂ ತಿಳೀಬ್ಯಾಡ. ಯಾರರ ಅಂದ್ರೂ ಕೇಳಬ್ಯಾಡ."

ಸೃಷ್ಟಿ ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ, "ಅಪ್ಪ ಹೆಂಗಿದ್ರು?" ಎಂದು ಕೇಳಿದಳು. "ನನಗ ಸರಿ ನೆನಪಿಲ್ಲ. ಇಲ್ಲಿ ಯಾರೂ ಹೇಳಂಗಿಲ್ಲ."

ಚಹಾ ಆರಿಹೋಗುವತನಕ ಮಾಯವ್ವ ಅವನ ಬಗ್ಗೆ ಹೇಳಿದಳು. ಅಳು ಬಂತು, ಅತ್ತಳು. ಹುಡುಗಿ ಅಳಲಿಲ್ಲ. ಆದರೆ ಎದ್ದೂ ಹೋಗಲಿಲ್ಲ.

ಈಗ ತಪಾಸಣೆ ಇದ್ದ ದಿನ ಮಾಯವ್ವ ಅನಗೋಳಕ್ಕೆ ಹೋಗಿ ಬರುತ್ತಾಳೆ. ಒಮ್ಮೊಮ್ಮೆ ಸೃಷ್ಟಿ ಕಾಲೇಜಿನಲ್ಲಿರುತ್ತಾಳೆ. ಆಗ ನೇತ್ರಾ ಕೊಟ್ಟ ಚಹಾ ಕುಡಿದು ಎದ್ದು ಬರುತ್ತಾಳೆ. ಹುಡುಗಿ ಇನ್ನೂ ಅವಳನ್ನು ರೀ ಹಚ್ಚಿಯೇ ಮಾತಾಡಿಸುತ್ತಾಳೆ. ಖಾನಾಪುರದ ಬಸ್ಸಿನಲ್ಲಿ ಕಿಟಕಿಯ ಬಾಜು ಕೂತ ಮಾಯವ್ವನಿಗೆ ಎಲ್ಲವೂ ಸ್ಪಷ್ಟವಾಗಿ ತಾಗುತ್ತದೆ: ಗಾಳಿ, ಪಕ್ಕದ ಖಾಲಿ ಸೀಟು, ಹಣಮಪ್ಪ ಬಿದ್ದ ರಸ್ತೆಯ ಆ ತಿರುವು. ಅಲ್ಲಿಗೆ ಬಂದಾಗ ಅವಳು ಕಣ್ಣು ಮುಚ್ಚಿಕೊಳ್ಳುವುದಿಲ್ಲ.