ಪೆನ್ಸಿಲ್ಲಿನ ಸಾಲುಗಳು

ತಂಗಿ ಪುಟ್ಟಿಯ ಸಂಶೋಧನೆಗೆಂದು ಮನೆಯ ಎರಡು ಹೊಲಿಗೆ ಮಷೀನುಗಳಲ್ಲಿ ಒಂದು ಹೋಗಿತ್ತು. ಅಕ್ಕನ ಕಿವಿಯೋಲೆ ಮೊದಲ ವರ್ಷದ ಫೀಸಿಗೇ ಹೋಗಿತ್ತು. ತನಗೆ ಕೂಡಿಬಂದ ಒಂದು ಸಂಬಂಧವನ್ನು, 'ಇವಳ ಓದು ಮುಗೀಲಿ' ಎಂದು ಅಕ್ಕ ಮುಂದೆ ಹಾಕಿದ್ದಳು, ಅವರು ಕಾಯಲಿಲ್ಲ. ಇಷ್ಟಾದರೂ ಲೆಕ್ಕ ತಪ್ಪಿದೆ ಎಂದು ಅವಳಿಗೆ ಅನ್ನಿಸಿರಲಿಲ್ಲ. ಪ್ರಬಂಧ ಒಪ್ಪಿಗೆಯಾದರೆ ಪುಟ್ಟಿಗೆ ಕಾಲೇಜಿನಲ್ಲಿ ಕಾಯಂ ಕೆಲಸ ಎಂದು ಗೈಡು ಮೇಷ್ಟ್ರು ಮಾತು ಕೊಟ್ಟಿದ್ದರು.

ಪುಟ್ಟಿ ಹಳೆಯ ಗಿರಣಿಗಳ ಕೆಲಸಗಾರ್ತಿಯರ ಬಗ್ಗೆ ಬರೆಯುತ್ತಿದ್ದಳು. ಓದಿದ್ದರಲ್ಲಿ ಬೇಕಾದದ್ದನ್ನು ಅಂಗೈಯಗಲದ ರಟ್ಟಿನ ಚೀಟಿಗಳಿಗೆ ಇಳಿಸಿಕೊಳ್ಳುವಳು. ಪುಸ್ತಕದ ಮಾತಾದರೆ ಪೆನ್ನಿನಲ್ಲಿ, ತನಗೇ ಹೊಳೆದದ್ದಾದರೆ ಅದರ ಕೆಳಗೆ ಪೆನ್ಸಿಲ್ಲಿನಲ್ಲಿ. ತಾನೊಬ್ಬಳೇ ಓದುವ ಚೀಟಿ ಎಂದು ಈ ಕಟ್ಟಳೆಯನ್ನು ಯಾರಿಗೂ ಹೇಳಿರಲಿಲ್ಲ.

ಪ್ರಬಂಧ ಒಪ್ಪಿಸಲು ತಿಂಗಳಿರುವಾಗ ಅವಳು ಟೈಫಾಯ್ಡ್ ಹಿಡಿದು ಆಸ್ಪತ್ರೆ ಸೇರಿದಳು. ಜ್ವರದ ಮಂಪರಿನಲ್ಲಿದ್ದವಳ ಹಾಸಿಗೆಯ ಪಕ್ಕ ಸುಮ್ಮನೆ ಕೂರಲಾಗದೆ ಅಕ್ಕ ಮನೆಯಿಂದ ಚೀಟಿಗಳ ಡಬ್ಬ ತಂದು ತೆರೆದಳು. ಮೂಲೆಗಳು ಮಡಚಿದ್ದವು, ಪೆನ್ಸಿಲ್ಲಿನ ಸಾಲುಗಳು ಮಸುಕಾಗಿದ್ದವು. ಬಟ್ಟೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಹೊಲಿದಾದ ಮೇಲೆ ಒರೆಸಿಹಾಕುವುದು ಅವಳ ಕಸುಬು. ಪೆನ್ಸಿಲ್ಲೆಂದರೆ ಕಚ್ಚಾ ಗೆರೆ, ಪೆನ್ನೆಂದರೆ ಹೊಲಿಗೆ ಎಂದುಕೊಂಡಳು. ಹೊಸ ರಟ್ಟು ಕತ್ತರಿಸಿ, ಎಲ್ಲವನ್ನೂ ಪೆನ್ನಿನಲ್ಲೇ ಮುತ್ತು ಪೋಣಿಸಿದ ಹಾಗೆ ನಕಲು ಮಾಡಿದಳು.

ಪುಟ್ಟಿ ಮನೆಗೆ ಬಂದ ದಿನ ಡಬ್ಬವನ್ನು ಅವಳ ಮಡಿಲಿಗಿಟ್ಟಳು.

"ನೋಡೇ, ನಿನ್ನ ಕೋಳಿ ಕೆದಕಿದ ಅಕ್ಷರಾನ ಇನ್ಮೇಲೆ ಮನುಷ್ಯರೂ ಓದಬಹುದು!"

ಪುಟ್ಟಿ ಒಂದು ಚೀಟಿ ತೆಗೆದಳು, ಇನ್ನೊಂದು ತೆಗೆದಳು. ಡಬ್ಬದ ತಳದವರೆಗೂ ಹುಡುಕಿದಳು.

"ಪೆನ್ಸಿಲಲ್ಲಿ ಬರೆದಿದ್ದು?"

"ಎಲ್ಲಾ ಇದೆ ಕಣೇ. ಒಂದಕ್ಷರ ಬಿಟ್ಟಿಲ್ಲ."

"ಹಳೇ ಚೀಟಿ?"

"ಒಲೆಗೆ ಹಾಕ್ದೆ. ಯಾಕೆ, ಚೌಕಟ್ಟು ಹಾಕಿಸ್ತಿದ್ಯಾ?"

ಪೆನ್ನು ಒತ್ತಿ ಗಂಟು ಕಟ್ಟಿದ್ದ ಅಕ್ಕನ ಬೆರಳನ್ನು ಪುಟ್ಟಿ ನೋಡಿದಳು. "ಚೆನ್ನಾಗಿದೆ ಅಕ್ಕ," ಎಂದಳು.

ಗ್ರಂಥಾಲಯಕ್ಕೆ ಹೋಗಿ ಒಂದೊಂದನ್ನೂ ತಾಳೆ ನೋಡಲು ಮೈಯಲ್ಲಿ ಕಸುವಿರಲಿಲ್ಲ, ದಿನಗಳೂ ಉಳಿದಿರಲಿಲ್ಲ. ಯಾವುದು ಪುಸ್ತಕದ್ದು, ಯಾವುದು ತನ್ನದು ಎಂಬುದಕ್ಕೆ ನೆನಪನ್ನೇ ನಂಬಿ ಬರೆದು ಒಪ್ಪಿಸಿದಳು.

ಕೆಲವು ತಿಂಗಳ ಮೇಲೆ ಗೈಡು ಮೇಷ್ಟ್ರು ಮನೆಗೇ ಬಂದರು. ಕೊಟ್ಟ ನೀರನ್ನು ಮುಟ್ಟಲಿಲ್ಲ.

"ಮೂರನೇ ಅಧ್ಯಾಯದ ಎರಡು ಪುಟ ಇನ್ನೊಬ್ಬರ ಪುಸ್ತಕದ್ದು. ಅಕ್ಷರ ಅಕ್ಷರ ಅದೇ. ಆ ಪುಸ್ತಕ ಬರೆದವರೇ ನಿನ್ನ ಪರೀಕ್ಷಕರು."

"ನನ್ನದೇ ಅಂದ್ಕೊಂಡಿದ್ದೆ, ಸರ್."

"ಎಲ್ಲರೂ ಹೀಗೇ ಹೇಳ್ತಾರಮ್ಮ. ಚೀಟಿ ತೋರಿಸು, ನಿನ್ನ ಪರವಾಗಿ ಮಾತಾಡ್ತೀನಿ."

ಪುಟ್ಟಿ ಅಲುಗಲಿಲ್ಲ. ಅಕ್ಕನೇ ಓಡಿಹೋಗಿ ಡಬ್ಬ ತಂದಳು. "ಅವಳು ಕಳ್ಳಿಯಲ್ಲ ಸರ್, ನೀವೇ ನೋಡಿ."

ಮೇಷ್ಟ್ರು ತಿರುವಿ ಹಾಕಿದರು. "ಇದರಲ್ಲಿ ಪುಸ್ತಕದ್ದು ಯಾವುದು, ನಿಂದು ಯಾವುದು? ಗುರುತು ಹಾಕ್ಕೋ ಅಂತ ಬಡ್ಕೊಂಡಿದ್ದೆನಲ್ಲ!"

"ಹಾಕ್ಕೊಂಡಿರಲಿಲ್ಲ, ಸರ್," ಎಂದಳು ಪುಟ್ಟಿ.

ಅಕ್ಕನಿಗೆ ಆಗ ಹೊಳೆಯಿತು. ಪುಟ್ಟಿ ಕಾಲು ತುಳಿದರೂ ಅವಳು ನಿಲ್ಲಿಸಲಿಲ್ಲ. "ಹಾಕ್ಕೊಂಡಿದ್ಲು ಸರ್. ಪೆನ್ಸಿಲಲ್ಲಿ. ನಾನೇ ಎಲ್ಲಾನೂ ಪೆನ್ನಲ್ಲಿ ನಕಲು ಮಾಡಿ ಹಾಳು ಮಾಡ್ದೆ."

"ಆ ಹಳೇವು ಕೊಡಿ ಹಾಗಾದ್ರೆ."

"ಒಲೆಗೆ ಹಾಕ್ದೆ."

ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಬೂದೀನ ಸಮಿತಿ ಮುಂದೆ ಹೇಗಮ್ಮ ಇಡಲಿ?"

ಪ್ರಬಂಧ ತಿರಸ್ಕಾರವಾಯಿತು. ಕೆಲಸ ಬೇರೆಯವರ ಪಾಲಾಯಿತು. ಪುಟ್ಟಿ ಈಗ ಅಕ್ಕನ ಪಕ್ಕ ಕೂತು ಗುಂಡಿ ಹಚ್ಚುತ್ತಾಳೆ. ಇರುವ ಒಂದೇ ಮಷೀನನ್ನು ಇಬ್ಬರೂ ಸರದಿಯಲ್ಲಿ ತುಳಿಯುತ್ತಾರೆ. ಓಲೆ, ಮಷೀನು, ಆ ಸಂಬಂಧ, ಪುಟ್ಟಿಯ ಒಳ್ಳೆಯ ಹೆಸರು ಎಲ್ಲವೂ ಹೋಯಿತು. ಬಂದದ್ದು ಏನೂ ಇಲ್ಲ.