ಶರ್ಯತ್ತಿನ ಗಾಡಿ

ಸುಧೀರನ ಗಾಡಿಗೆ ಒಂದು ಚಾಳಿಯಿತ್ತು. ಅರವತ್ತರ ವೇಗ ಮುಟ್ಟಿದ ಕೂಡಲೇ ಅದಕ್ಕೆ ನಿದ್ದೆ ಬರುತ್ತಿತ್ತು.

ಕೆಟ್ಟು ನಿಲ್ಲುವುದು ಬೇರೆ, ನಿದ್ದೆ ಹೋಗುವುದು ಬೇರೆ. ಕೆಟ್ಟ ಗಾಡಿ ಕೆಮ್ಮುತ್ತದೆ, ಹೊಗೆ ಉಗುಳುತ್ತದೆ, ನಾಲ್ಕು ಮಂದಿಯನ್ನು ಕೂಡಿಸುತ್ತದೆ. ಇದು ಹಾಗಲ್ಲ. ಹೋಳಿಗೆ ಊಟವಾದ ಮೇಲೆ ಮನೆಯ ಹಿರಿಯರು ಮಾತಿನ ನಡುವೆಯೇ ಜೋಲಿ ಹೊಡೆಯುವಂತೆ ಉಸಿರು ಸಣ್ಣದು ಮಾಡಿಕೊಂಡು, ರಸ್ತೆಯ ಬದಿಗೆ ಸರಿದು, ಸುಮ್ಮನಾಗಿಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಕೀಲಿ ತಿರುವಿದರೆ, ನಡುವೆ ಏನೂ ಆಗಿಲ್ಲವೆಂಬಂತೆ ಎದ್ದು ಹೊರಡುತ್ತಿತ್ತು.

ಎರಡೇ ಸೀಟಿನ, ಮಾಡನ್ನು ಮಡಚಿ ಹಿಂದಕ್ಕೆ ಹಾಕಬಹುದಾದ ಕೆಂಪು ಸ್ಪೋರ್ಟ್ಸ್ ಕಾರು ಅದು. ಪರದೇಶದ್ದು, ಇಪ್ಪತ್ತು ವರ್ಷ ಹಳೆಯದು. ಪುಣೆಯ ದಂತವೈದ್ಯರೊಬ್ಬರು ಬೇಸತ್ತು ಮಾರಿದ್ದನ್ನು ಸುಧೀರ ಮೋಹಪಟ್ಟು ತಂದಿದ್ದ. ಅದರ ಹೆಸರು ಹೇಳಲು ವಿಜಯಪುರದ ಅಥಣಿ ರಸ್ತೆಯ ಬಡಾವಣೆಯಲ್ಲಿ ಯಾರ ನಾಲಿಗೆಯೂ ಹೊರಳದ್ದರಿಂದ, ಅದು ನೆಲಕ್ಕಂಟಿ ಕೂಡುವ ಭಂಗಿ ನೋಡಿ ಎಲ್ಲರೂ ಕಪ್ಪಿ ಗಾಡಿ ಅನ್ನುತ್ತಿದ್ದರು. ಕಪ್ಪೆಗೆ ಅವಮಾನವೋ ಗಾಡಿಗೋ, ಹೇಳುವುದು ಕಷ್ಟ.

ರೋಗ ಏನೆಂದು ಸುಧೀರನಿಗೆ ಗೊತ್ತಿತ್ತು. ಪೆಟ್ರೋಲ್ ಫಿಲ್ಟರ್ ಕಟ್ಟಿಕೊಂಡಿತ್ತು. ಭೂತನಾಳದ ಕೆರೆಯ ಹತ್ತಿರ ನೀರು ಸೋಸುವ ಘಟಕದಲ್ಲಿ ಎಂಜಿನಿಯರ್ ಅವನು. ದಿನವಿಡೀ ಮರಳಿನ ಹಾಸುಗಳ ಮೇಲೆ ನೀರು ಹಾಯಿಸಿ, ಕೆಳಗೆ ತಿಳಿಯಾಗಿ ಇಳಿಯುವುದನ್ನು ನೋಡುತ್ತ ಕೂಡುವುದೇ ನೌಕರಿ. ಅಂಥವನಿಗೆ ಒಂದು ಮುಷ್ಟಿಯಷ್ಟು ಫಿಲ್ಟರ್ ಸಿಗುತ್ತಿರಲಿಲ್ಲ. ಸಿಗುತ್ತಿರಲಿಲ್ಲವೆಂದಲ್ಲ, ಮುಂಬಯಿಯ ಏಜೆಂಟನ ಬಳಿ ಇತ್ತು. ಅವನು ಹೇಳಿದ ಬೆಲೆಗೆ ಮನೆಗೆ ಹೊಸ ಫ್ರಿಜ್ಜೇ ಬರುತ್ತಿತ್ತು. ಆ ಫಿಲ್ಟರಿನ ಚಿತ್ರವನ್ನು ಮೊಬೈಲಿನಲ್ಲಿ ನೋಡಿ ನೋಡಿ ಅವನಿಗೆ ಕಣ್ಣು ಮುಚ್ಚಿದರೂ ಅದೇ ಕಾಣುತ್ತಿತ್ತು: ಎರಡು ತುದಿಗೂ ತೊಟ್ಟಿರುವ ಬೆಳ್ಳಿಯ ತಾವರೆಮೊಗ್ಗು.

ಹೆಂಡತಿ ಸ್ನೇಹಲ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದಳು. ಗಾಡಿಯ ನಿದ್ದೆಯನ್ನು ಅವಳು ಬಹಳ ದಿನ ಸಹಿಸಿಕೊಂಡಿದ್ದಳು. ಆದರೆ ಹೋದ ತಿಂಗಳು ಕನಮಡಿಯಲ್ಲಿ ಬಸುರಿ ತಂಗಿಯ ಕುಬಸಕ್ಕೆ ಹೊರಟಾಗ, ಬಟಾಬಯಲಿನಲ್ಲಿ ಗಾಡಿ ಮಲಗಿತು. ಇಳಕಲ್ ಸೀರೆ, ಮೂಗುತಿ, ಮಡಿಲು ತುಂಬುವ ಸಾಮಾನು ಸಮೇತ ಅವಳು ಆಡು ತುಂಬಿದ ಟಂಟಂ ಆಟೋ ಹತ್ತಿ ಕುಬಸದ ಮನೆ ಮುಟ್ಟಿದಳು. ಆಡುಗಳಲ್ಲಿ ಒಂದು ಅಕ್ಕಿಯ ಚೀಲಕ್ಕೆ ಬಾಯಿ ಹಾಕಿತ್ತು.

"ಒಂದು ಶರ್ತು ಅದ ನೋಡ್ರಿ," ಅಂದಳು ಆಮೇಲೆ. "ಬರೋ ರವಿವಾರ ಇದರಾಗ ಕೂತು ಕನಮಡಿಗೆ ಹೋಗಿ ಬರೋಣು. ನಡುವ ಎಲ್ಲೂ ಮಲಗಬಾರದು. ಮಲಗ್ತು ಅಂದ್ರ, ಆ ಕೊಲ್ಲಾಪುರದವರು ಗಾಡಿ ಕೊಡ್ತೀರೇನು ಅಂತ ಕೇಳ್ಲಿಕತ್ತಾರಲ್ಲ, ಅವರು ರವಿವಾರ ಮತ್ತ ಫೋನ್ ಮಾಡ್ತಾರ. ಹೂಂ ಅನ್ನೋದು."

"ಮಲಗಲಿಲ್ಲ ಅಂದ್ರ?"

"ಅದನ್ನ ಆ ಮ್ಯಾಲೆ ವಿಚಾರ ಮಾಡೋಣು."

ಸ್ನೇಹಲಳ ಶರ್ತುಗಳಲ್ಲಿ ಸಡಿಲ ಇರುತ್ತಿರಲಿಲ್ಲ. ಸುಧೀರ ಬಸ್ ಸ್ಟ್ಯಾಂಡಿನ ಹತ್ತಿರ ಜಿಲಾನಿಯ ಬಿಡಿಭಾಗಗಳ ಅಂಗಡಿಗೆ ಹೋಗಿ ಗಾಡಿಯ ಹೆಸರು ಹೇಳಿ ಫಿಲ್ಟರ್ ಕೇಳಿದ. ಜಿಲಾನಿ ಕಿವಿ ಮುಂದೆ ಮಾಡಿದ, ಮತ್ತೊಮ್ಮೆ ಹೇಳಿಸಿಕೊಂಡ.

"ಆ ಹೆಸರಿಂದು ಏನೂ ಇಲ್ರಿ ಸಾಹೇಬ್ರ. ನನ್ನ ಬಾಯಾಗ ಹಿಡಿಯವಲ್ತು, ಕಪಾಟಿನ್ಯಾಗ ಹೆಂಗ ಹಿಡದೀತು? ಫಿಲ್ಟರ್ ಬೇಕೇ ಬೇಕಂದ್ರ ತಿಕೋಟಾಕ್ಕ ಹೋಗ್ರಿ. ಅಲ್ಲಿ ಕಿರಾಣಿ ಅಂಗಡಿಗಿಂತ ಫಿಲ್ಟರ್ ಅಂಗಡಿನ ಜಾಸ್ತಿ ಅದಾವ."

ಜಿಲಾನಿ ಇದನ್ನು ಚೇಷ್ಟೆಗೆ ಅಂದಿದ್ದ. ಸುಧೀರ ಚೇಷ್ಟೆಯನ್ನೂ ಸೋಸಿ, ತಳದಲ್ಲಿ ಏನಾದರೂ ಉಳಿಯುತ್ತದೆಯೇ ಎಂದು ನೋಡುವ ಮನುಷ್ಯ. ಶನಿವಾರ ಮಧ್ಯಾಹ್ನ ತಿಕೋಟಾದ ದಾರಿ ಹಿಡಿದ.

ಊರು ಇನ್ನೇನು ಬಂತೆನ್ನುವಾಗ ಗಾಡಿ ಬೇವಿನ ನೆರಳು ನೋಡಿ ಮಲಗಿತು. ಅದನ್ನು ಅಲ್ಲೇ ಬಿಟ್ಟು ನಡೆದ. ಮಾರ್ಚ್ ತಿಂಗಳ ಬಿಸಿಲು. ರಸ್ತೆಯ ತುದಿಯಲ್ಲಿ ನೀರಿಲ್ಲದ ನೀರು ಹೊಳೆಯುತ್ತಿತ್ತು. ಮೊದಲು ಸಿಕ್ಕ 'ಫಿಲ್ಟರ್' ಎಂಬ ಬೋರ್ಡಿನ ಕೆಳಗೆ ಅಮೋಘಿ ಎಂಬವನು ಕರಿ ಪೈಪಿನ ಸುರುಳಿಗಳ ನಡುವೆ ಕುಳಿತಿದ್ದ.

"ಫಿಲ್ಟರ್ ಅವ ಏನ್ರಿ?"

"ಫಿಲ್ಟರ್ ಇರಲಾರದ, ನಾ ಏನ ಉಳ್ಳಾಗಡ್ಡಿ ಮಾರಾಕ ಕುಂತೇನೇನ್ರಿ? ಎಷ್ಟ ಎಕರೆಕ್ಕ?"

ಸುಧೀರ ಸುತ್ತ ನೋಡಿದ. ಕೊಡದಷ್ಟು ದೊಡ್ಡ ನೀಲಿ ಫಿಲ್ಟರುಗಳು, ಚೊಂಬಿನಷ್ಟು ಕೆಂಪು ಫಿಲ್ಟರುಗಳು. ಎಲ್ಲವೂ ದ್ರಾಕ್ಷಿ ತೋಟಕ್ಕೆ ಹನಿಹನಿಯಾಗಿ ನೀರು ಬಿಡುವ ಪೈಪುಗಳಿಗೆ. ಜಿಲಾನಿಯ ಚೇಷ್ಟೆ ಆಗ ತಿಳಿಯಿತು. ಆದರೂ ಬಂದದ್ದಾಯಿತಲ್ಲ.

"ತೋಟಕ್ಕಲ್ರಿ. ಗಾಡಿಗೆ."

"ಯಾವ ಗಾಡಿ?"

ಇಲ್ಲಿ ಸುಧೀರ ತಪ್ಪಿದ. ಊರ ಕಡೆ ಹೋದಾಗ ಊರ ಮಾತಾಡಬೇಕೆಂಬುದು ಓದಿದವರ ಒಂದು ಸೌಜನ್ಯ. ಅದರಿಂದಾದ ಅನಾಹುತಗಳನ್ನು ಯಾರೂ ಬರೆದಿಟ್ಟಿಲ್ಲ. 'ಸ್ಪೋರ್ಟ್ಸ್' ಎಂಬುದಕ್ಕೆ ಅವನು ಒಳಗೇ ತಡಕಾಡಿ ಒಂದು ಮಾತು ಹೆಕ್ಕಿದ.

"ಶರ್ಯತ್ತಿನ ಗಾಡಿರಿ."

ಆ ಸೀಮೆಯಲ್ಲಿ ಶರ್ಯತ್ತಿನ ಗಾಡಿ ಎಂದರೆ ಒಂದೇ: ಎತ್ತು ಹೂಡಿ ಪಂದ್ಯಕ್ಕೆ ಓಡಿಸುವ ಹಗುರ ಬಂಡಿ. ಅಮೋಘಿಯ ಮುಖ ದೀಪ ಹಚ್ಚಿದಂತಾಯಿತು.

"ಅಯ್ಯ ಯಪ್ಪಾ, ಮದಲ ಹೇಳಬಾರದೇನ್ರಿ! ಬರ್ರಿ, ಮ್ಯಾಲ ಕುಂದರ್ರಿ. ಲೇ, ಎರಡ ಚಾ ಹೇಳ್ರಲೇ! ಏನ ತ್ರಾಸ ಐತ್ರಿ?"

"ಹೊರಡೋವಾಗ ಛಲೋನ ಹೊರಡತದ. ಒಂದಿಷ್ಟು ಓಡಿದ ಮ್ಯಾಲೆ ದಮ್ಮು ಹತ್ತತದ. ಬದಿಗೆ ಸರದು ನಿಂತುಬಿಡತದ."

"ಬಾರಕೋಲ ತೋರಿಸಿದ್ರೂ?"

ಸುಧೀರ ಇದನ್ನು ಹಳ್ಳಿಯ ಅಲಂಕಾರವೆಂದು ತಿಳಿದು ನಕ್ಕ. "ಏನು ಮಾಡಿದ್ರೂ ಅಷ್ಟ. ಸ್ವಲ್ಪ ಆರಾಮ ಕೊಟ್ರ ತಾನ ಏಳತದ."

"ಬಡಿಯೂದಿಲ್ಲಲ್ಲ, ಛಲೋ ಮನಶ್ಯಾರ ಅದೀರಿ. ಬಣ್ಣ?"

"ಕೆಂಪು."

"ವಯಸ್ಸು?"

"ಇಪ್ಪತ್ತು ದಾಟ್ಯಾವ."

ಅಮೋಘಿ ಚಹಾದ ಕಪ್ಪು ಕೆಳಗಿಟ್ಟ. "ಇಪ್ಪತ್ತು ದಾಟಿದ ಮ್ಯಾಲೂ ಓಡತೈತಿ?"

"ಅರವತ್ತರ ತನಕ ಏನೂ ತಕರಾರಿಲ್ಲ."

ಅಮೋಘಿ ಗೋಡೆಯ ಮೇಲಿನ ದೇವರ ಕ್ಯಾಲೆಂಡರಿನ ಕಡೆ ತಿರುಗಿ ಕೈಮುಗಿದ. "ಹೊಟ್ಟ್ಯಾಗ ಏನೋ ಸಿಕ್ಕೊಂಡೈತ್ರಿ ಅದಕ್ಕ," ಅಂದ ಮೆಲ್ಲಗೆ.

"ನಾ ಅನ್ನೋದೂ ಅದ! ಕುಡದಿದ್ದು ಮುಂದ ಹೋಗವಲ್ದು."

"ನನ್ನ ಕಡೆ ಇದ್ದದ್ದು ನಡಿಯಂಗಿಲ್ಲ. ಬಬಲೇಶ್ವರಕ್ಕ ಹೋಗ್ರಿ, ಹುಚ್ಚವ್ವ ಅಂತ ಅದಾಳ. ಓಡೂವಕ್ಕ ಆಕಿ ಕೈಗುಣನ ಬ್ಯಾರೆ. ಹೊಟ್ಟಿ ಸಾಫ ಮಾಡಿ ಕಳಸ್ತಾಳ. ನಾ ಫೋನ್ ಹಚ್ಚಿರ್ತೇನಿ, ನೀವು ನಡೀರಿ."

ಬಬಲೇಶ್ವರದಲ್ಲಿ ಒಬ್ಬ ಹೆಣ್ಣು ಮೆಕ್ಯಾನಿಕ್! ಕಾಲ ಎಲ್ಲಿಗೆ ಬಂತು ಎಂದು ಸುಧೀರ ಹಿಗ್ಗಿದ. ಬೇವಿನ ಕೆಳಗೆ ಗಾಡಿಯೂ ಎಚ್ಚತ್ತಿತ್ತು.

ತಿಕೋಟಾದಿಂದ ಬಬಲೇಶ್ವರದ ದಾರಿಯಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ. ಇಕ್ಕೆಲಕ್ಕೆ ದ್ರಾಕ್ಷಿಯ ಹಂದರ, ನಡುನಡುವೆ ಹಸಿರು ಬಲೆ ಇಳಿಬಿಟ್ಟ ಉದ್ದನೆಯ ಶೆಡ್ಡುಗಳು. ಒಳಗೆ ಅಂತಸ್ತು ಅಂತಸ್ತಾಗಿ ಹರವಿದ ಹಣ್ಣು ನೆರಳಿನಲ್ಲೇ ಒಣಗಿ ಒಣದ್ರಾಕ್ಷಿಯಾಗುತ್ತಿತ್ತು. ಗಾಳಿಯೇ ಸಿಹಿಯಾಗಿತ್ತು. ಆ ಸಿಹಿಗೋ ಏನೋ, ಮುಳ್ಳು ಅರವತ್ತನ್ನು ಮುಟ್ಟುವ ಮೊದಲೇ ಗಾಡಿ ಕಣ್ಣು ಮುಚ್ಚಿತು. ಸುಧೀರ ಮಾಡು ಹಿಂದಕ್ಕೆ ಹಾಕಿ, ಸೀಟು ಇಳಿಸಿ, ತಾನೂ ಒರಗಿದ.

ಕನಸೋ ಎಚ್ಚರವೋ, ಭೂತನಾಳದ ಮರಳಿನ ಹಾಸು ಕಾಣಿಸಿತು. ಇಡೀ ವಿಜಯಪುರ ಅದರ ಮೇಲೆ ನಿಂತು ಮೆಲ್ಲಗೆ ಇಳಿಯುತ್ತಿತ್ತು: ಟಾಂಗಾ, ಗುಮ್ಮಟ, ಬಸ್ಸು, ಬಾಳೆಹಣ್ಣಿನ ಗಾಡಿ, ಕೈಯಲ್ಲಿ ಸೀಮೆಸುಣ್ಣ ಹಿಡಿದ ಸ್ನೇಹಲ. ಎಲ್ಲ ತಿಳಿಯಾಗಿ ಕೆಳಗೆ ಹರಿದುಹೋದ ಮೇಲೆ ಮರಳಿನ ಮೇಲೆ ಕೆಂಪು ಗಾಡಿಯೊಂದೇ ಉಳಿದಿತ್ತು. ಅದನ್ನು ತೆಗೆಯಬೇಕೋ ಬಿಡಬೇಕೋ ಎಂದು ಕೆಳಗಿನಿಂದ ಯಾರೋ ಕೇಳುತ್ತಿದ್ದರು. ಉತ್ತರ ಅವನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಕಣ್ಣು ಬಿಟ್ಟ. ಗಾಡಿಯ ಎರಡೂ ಬದಿಗೆ ಕುರಿಗಳು ಹೊಳೆಯ ಹಾಗೆ ಹಾಯುತ್ತಿದ್ದವು. ಒಂದು ಕುರಿ ಬಾಗಿಲ ಮೇಲೆ ಗದ್ದ ಇಟ್ಟು ಅವನನ್ನೇ ನೋಡಿ, ವಿಶೇಷವಿಲ್ಲವೆಂದು ಮುಂದೆ ಹೋಯಿತು.

ನಾಳೆ ಈ ಹೊತ್ತಿಗೆ ಗಾಡಿ ಕೊಲ್ಲಾಪುರದವರದಾಗಬಹುದು ಎಂಬುದು ಆಗ ಮೊದಲ ಸಲ ಎದೆಗೆ ತಾಗಿತು. ಕೀಲಿ ತಿರುವಿದ.

ಬಬಲೇಶ್ವರದ ಅಂಚಿನ ಮನೆಯಲ್ಲಿ ಹುಚ್ಚವ್ವ ಸಿದ್ಧಳಾಗಿ ನಿಂತಿದ್ದಳು. ಒಂದು ಕೈಯಲ್ಲಿ ಕಷಾಯದ ಚೆರಿಗೆ, ಇನ್ನೊಂದರಲ್ಲಿ ಗೊಟ್ಟ, ದನಕ್ಕೆ ಔಷಧ ಕುಡಿಸುವ ಬಿದಿರಿನ ನಳಿಗೆ.

"ಎಲ್ಲೈತೋ ಯಪ್ಪಾ ನಿನ್ನ ಜನಾವರ?"

"ಹೊರಗ ನಿಂತದ ಅವ್ವಾ."

ಹುಚ್ಚವ್ವ ಹೊರಗೆ ಬಂದಳು. ಗಾಡಿಯನ್ನು ನೋಡಿದಳು, ಅದರ ಆಚೆ ಏನಾದರೂ ಕಟ್ಟಿದೆಯೇ ಎಂದು ನೋಡಿದಳು. ಏನೂ ಇರಲಿಲ್ಲ. ಒಂದು ಸುತ್ತು ಹಾಕಿ ನಿಂತಳು.

"ಇದಕ್ಕ ಬಾಯಿ ಎಲ್ಲೈತಿ?"

ಸುಧೀರ ಹಿಂದಿನ ಚಕ್ರದ ಮೇಲಿನ ಪೆಟ್ರೋಲ್ ಮುಚ್ಚಳ ತೋರಿಸಿದ.

"ಹಿಂದ ಬಾಯಿ ಇಟಗೊಂಡು ಮುಂದಕ್ಕ ಓಡು ಅಂದ್ರ ಹೆಂಗ ಓಡೀತೋ?"

ಅಂಗಳದಲ್ಲಿ ಹಳೆಯ ಪೆಟ್ರೋಲ್ ವ್ಯಾನಿನಿಂದ ಖಾಲಿ ಕ್ರೇಟು ಇಳಿಸುತ್ತಿದ್ದ ಸೊಸೆ ಲಲಿತಾ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಳಿತಳು. "ಅತ್ತಿ, ಆ ಗೊಟ್ಟ ಕೆಳಗ ಇಡ್ರಿ ಮದಲ. ಅದು ಕಾರ್ ಐತಿ ಬೇ." ನಗು ಮುಗಿಯಲು ಹೊತ್ತು ಹಿಡಿಯಿತು. ಆಗಷ್ಟೇ ಎಲ್ಲ ತಿಳಿದು ಸುಧೀರನೂ ನಕ್ಕ. ಅವನ ನಗುವಿನಲ್ಲಿ ನಗು ಕಡಿಮೆ ಇತ್ತು.

"ಪೆಟ್ರೋಲ್ ಫಿಲ್ಟರ್ ಬೇಕಾಗಿತ್ತು ತಂಗಿ. ನಾಳೆ ಕನಮಡಿಗೆ ಹೋಗಬೇಕು. ನಡುವ ನಿಂತ್ರ ಗಾಡಿ ಹೋತು."

"ಅದ ತ್ರಾಸ ನಮ್ಮ ವ್ಯಾನಿಗೂ ಆಗಿತ್ರಿ. ಒಂದ ಹಾಕಿಸಿ, ಒಂದ ಇಟಗೊಂಡೇನಿ." ಲಲಿತಾ ವ್ಯಾನಿನ ಸೀಟಿನ ಕೆಳಗಿನಿಂದ ಡಬ್ಬಿ ತೆಗೆದು ಬಿಚ್ಚಿ ತೋರಿಸಿದಳು.

ಬೆಳ್ಳಿಯ ತಾವರೆಮೊಗ್ಗು. ಎರಡು ತೊಟ್ಟು.

ಸುಧೀರ ಅವಳಿಂದ ಪಾನಾ ಇಸಿದುಕೊಂಡು ಗಾಡಿಯ ಕೆಳಗೆ ತೂರಿದ. ತನ್ನದನ್ನು ಕಳಚಿ ತಂದು ಕಟ್ಟೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟ. ಅದೇ ದಪ್ಪ, ಅದೇ ಲೋಹ, ಅದೇ ತೊಟ್ಟು. ಮೈಮೇಲಿನ ಹೆಸರು ಮಾತ್ರ ಬೇರೆ.

"ಇದನ್ನ ಎಲ್ಲಿ ತಂದಿ?"

"ಬಿಜಾಪುರದಾಗ್ರಿ. ಬಸ್ ಸ್ಟ್ಯಾಂಡ್ ಕಡೆ ಜಿಲಾನಿ ಅಂಗಡ್ಯಾಗ."

ಜಿಲಾನಿಯ ಬಳಿ ಅವನು ಗಾಡಿಯ ಹೆಸರು ಹೇಳಿ ಕೇಳಿದ್ದ, ಫಿಲ್ಟರ್ ತೋರಿಸಿ ಕೇಳಿರಲಿಲ್ಲ. ಲಲಿತಾ ಹೇಳಿದ ಬೆಲೆ ಗಂಡಹೆಂಡತಿಯ ಒಂದು ಹೊತ್ತಿನ ಹೋಟೆಲ್ ಊಟದಷ್ಟು. ಅಷ್ಟನ್ನು ಕೊಟ್ಟು, ಹೊಸದನ್ನು ಗಾಡಿಗೆ ಕೂಡಿಸಿ ಹೊರಡಲು ಎದ್ದಾಗ ಹುಚ್ಚವ್ವ ಅಡ್ಡ ನಿಂತಳು.

"ಮಾಡಿದ ಕಷಾಯ ಚೆಲ್ಲಬಾರದು. ಅದು ಕುಡಿಯಂಗಿಲ್ಲಂದ್ರ ನೀ ಕುಡಿ."

"ಎತ್ತಿಂದು ಅವ್ವಾ ಅದು!"

"ಸುಂಠಿ, ಬೆಲ್ಲ, ಅಜವಾನ. ಎತ್ತಿಗೇನು, ಮನಶ್ಯಾಗೇನು, ಹೊಟ್ಟಿ ಹೊಟ್ಟಿನ. ಗೊಟ್ಟ ಹಾಕ್ಲೇನು, ನೀನ ಕುಡಿತಿ?"

ತಾನೇ ಕುಡಿದ. ಸಂಜೆಯ ಹಳದಿ ಬೆಳಕಿನಲ್ಲಿ ಗಾಡಿ ಒಂದೇ ಉಸಿರಿಗೆ ಮನೆ ಮುಟ್ಟಿತು. ಹಾದಿ ಇಷ್ಟು ಗಿಡ್ಡವೆಂದು ಅವನಿಗೆ ಗೊತ್ತೇ ಇರಲಿಲ್ಲ. ಯಾವುದೋ ಒಂದು ಊರು ನಡುವೆ ಕಳೆದುಹೋದಂತೆ ಅನಿಸಿತು.

ರವಿವಾರ ಸ್ನೇಹಲ ನೀರಿನ ಬಾಟಲಿ, ಛತ್ರಿ, ಆ ಟಂಟಂನವನ ಮೊಬೈಲ್ ನಂಬರು ಎಲ್ಲ ಇಟ್ಟುಕೊಂಡೇ ಹತ್ತಿದಳು. ಅರವತ್ತು ಬಂತು. ಸುಧೀರ ಉಸಿರು ಹಿಡಿದ. ಎಪ್ಪತ್ತು ಬಂತು. ಗಾಡಿ ಗುನುಗುತ್ತಿತ್ತು, ಗಾಳಿ ತಂಪಾಗಿತ್ತು, ತಿಕೋಟಾ ಹಿಂದೆ ಹೋಯಿತು. "ನೋಡಿದ್ಯಾ?" ಎಂದು ತಿರುಗಿದರೆ ಸ್ನೇಹಲಳ ತಲೆ ಅವನ ಹೆಗಲಿಗೆ ವಾಲಿತ್ತು. ಒಳ್ಳೆಯ ನಿದ್ದೆ. ಎಬ್ಬಿಸಲು ಮನಸ್ಸು ಬರಲಿಲ್ಲ.

ಕನಮಡಿಯ ಅಗಸಿ ಬಾಗಿಲಲ್ಲಿ ಅವಳು ಕಣ್ಣು ತೆರೆದಳು. "ಎಲ್ಲೆ ಮಲಗಿತು?"

"ಅದು ಮಲಗಲಿಲ್ಲ. ಮಲಗಿದಾಕಿ ನೀನು."

"ಹಂಗಂದ್ರ ಇದು ನಿಂತಿಲ್ಲ ಅನ್ಲಿಕ್ಕೆ ಸಾಕ್ಷಿ ಯಾರು?"

"ನಾನ ಇದ್ದೀನಲ್ಲ."

"ನೀವು ಆರೋಪಿ ಕಡೆಯವರು." ಸೆರಗು ಸೊಂಟಕ್ಕೆ ಸಿಗಿಸಿ ಇಳಿದು ಅವನ ಬದಿಗೆ ಬಂದಳು. "ಕೀಲಿ ಕೊಡ್ರಿ. ವಾಪಸ್ ನಾ ಹೊಡೀತೀನಿ. ಹೊಡಿಯೋವಾಗಂತೂ ನಾ ಮಲಗೂದಿಲ್ಲ."

ಮನೆಯ ಇನ್ನೊಂದು ಗಾಡಿಯನ್ನು ಕಾಲೇಜಿಗೆ ದಿನಾ ಹೊಡೆಯುವವಳು. ಇದನ್ನು ಮಾತ್ರ ಎಂದೂ ಮುಟ್ಟಿರಲಿಲ್ಲ. ಮೊದಲು ಅಳೆದು ಸುರಿದು ಹೊಡೆದಳು. ಆಮೇಲೆ ಚಪ್ಪಲಿ ಕಳೆದಳು. ಆಮೇಲೆ ಗಾಳಿಗೆ ಸಿಕ್ಕ ಕೂದಲನ್ನು ಸರಿಮಾಡಿಕೊಳ್ಳುವುದನ್ನೇ ಬಿಟ್ಟಳು. ಜೋಳ ಕೊಯ್ದ ಹೊಲಗಳು ಬಂಗಾರದ ಹಾಳೆಯಂತೆ ಮಗುಚುತ್ತ ಹೋದವು. ಮುಳ್ಳನ್ನು ನೋಡಲು ಸುಧೀರನಿಗೆ ಧೈರ್ಯ ಸಾಲಲಿಲ್ಲ. ಅವಳ ಮುಖ ನೋಡಿದ. ಉತ್ತರ ಹೊಂದಿದ ಲೆಕ್ಕವನ್ನು ನೋಡುವಾಗ ಇರುತ್ತಿದ್ದ ಮುಖ.

ಅಥಣಿ ರಸ್ತೆಯಲ್ಲಿ ಮನೆಯ ತಿರುವು ಬಂತು. ಗಾಡಿ ತಿರುಗಲಿಲ್ಲ.

"ಮನಿ ಹೋತು," ಅಂದ.

"ಹೋಗ್ಲಿ."

ಆಗ ಫೋನ್ ಬಡಿದುಕೊಂಡಿತು. ಕೊಲ್ಲಾಪುರ. ಸುಧೀರ ಅದನ್ನು ಬಿಸಿ ರೊಟ್ಟಿಯಂತೆ ಕೈಯಿಂದ ಕೈಗೆ ಹಾಕಿದ.

"ಎತ್ರಿ," ಅಂದಳು ಸ್ನೇಹಲ. "ಗಾಡಿ ಕೊಟ್ಟಾತು ಅಂತ ಹೇಳ್ರಿ."

"ಕೊಟ್ಟಾತು? ಯಾರಿಗೆ?"

ಸ್ನೇಹಲ ಬರಿಗಾಲನ್ನು ಇನ್ನಷ್ಟು ಒತ್ತಿದಳು. "ನನಗ."

ಸುಧೀರ ಫೋನ್ ಎತ್ತಿ ಹಾಗೆಯೇ ಹೇಳಿದ. ಆ ಕಡೆಯ ಮನುಷ್ಯ ಮತ್ತೇನೋ ಕೇಳಿದ. ಗಾಳಿಯ ರಭಸಕ್ಕೆ ಒಂದಕ್ಷರವೂ ಕೇಳಿಸಲಿಲ್ಲ. ಗಾಡಿ ಉಳಿದಿತ್ತು, ಸೀಟು ಬದಲಾಗಿತ್ತು. ಅವನು ಎಡಗಡೆಯ ಸೀಟಿನ ಬೆನ್ನನ್ನು ಸ್ವಲ್ಪ ಹಿಂದಕ್ಕೆ ಇಳಿಸಿಕೊಂಡ.