ಒಂದು ಟೋಕನ್ನಿನ ಆಟ

ಸಾಗರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಮಂಜುನಾಥಪ್ಪನಿಗೆ ಒಂದು ಸಣ್ಣ ಅಂಗಡಿಯಿತ್ತು. ಎಂಬತ್ತೇಳರ ದೀಪಾವಳಿ ಕಳೆದ ಮೇಲೆ ಅವನು ಶಿವಮೊಗ್ಗದ ಒಬ್ಬ ಏಜೆಂಟನಿಂದ ಎರಡು ವಿಡಿಯೋ ಗೇಮ್ ಮೆಷಿನ್ ತರಿಸಿ ಅಲ್ಲಿಟ್ಟ. ಒಂದರಲ್ಲಿ ಕಾರು ಓಡಿಸಬೇಕು, ಇನ್ನೊಂದರಲ್ಲಿ ವಿಮಾನ ಹಾರಿಸಿ ಒಂದೊಂದೇ ದ್ವೀಪ ದಾಟಬೇಕು. ಎಂಟಾಣೆ ಕೊಟ್ಟರೆ ಒಂದು ಹಿತ್ತಾಳೆ ಟೋಕನ್, ಒಂದು ಟೋಕನ್ನಿಗೆ ಮೂರು ವಿಮಾನ. ಮೂರೂ ಬಿದ್ದರೆ ಆಟ ಮುಗಿದಂತೆ. ಮತ್ತೆ ಆಡಬೇಕೆಂದರೆ ಮೊದಲನೇ ದ್ವೀಪದಿಂದಲೇ ಶುರು ಮಾಡಬೇಕಿತ್ತು. ಎಲ್ಲರಿಗಿಂತ ದೂರ ಹೋದವನ ಹೆಸರನ್ನು ಮಂಜುನಾಥಪ್ಪ ಒಂದು ಕರಿಹಲಗೆಯ ಮೇಲೆ ಬರೆದಿಡುತ್ತಿದ್ದ.

ವಿಮಾನದ ಆಟದಲ್ಲಿ ಇಬ್ಬರದು ಮೇಲುಗೈ. ಒಬ್ಬ ಭೂತಪ್ಪ, ಸಾಗರದಿಂದ ಹೊಸನಗರದ ಮೇಲೆ ನಗರ ಎಂಬ ಊರಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಮಧ್ಯಾಹ್ನ ಬಸ್ಸು ನಿಂತಾಗ ಬೇಗ ಊಟ ಮುಗಿಸಿ ಬಂದು ಒಂದೇ ಟೋಕನ್ ಕೊಳ್ಳುತ್ತಿದ್ದ. ಬಸ್ಸು ಹೊರಡುವ ತನಕ ಅದೊಂದರಲ್ಲೇ ಆಡುತ್ತಿದ್ದ. ಇನ್ನೊಬ್ಬ ಮುಕುಂದಯ್ಯ, ತೀರ್ಥಹಳ್ಳಿ ಕಡೆಯ ಗೌಡರ ಮನೆಯವನು. ಸಾಗರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ. ಭೂತಪ್ಪನ ಅಪ್ಪ ಹಿಂದೆ ಗೇಣಿಗೆ ಮಾಡುತ್ತಿದ್ದುದು ಈ ಮುಕುಂದಯ್ಯನ ಸೋದರಮಾವನ ಗದ್ದೆಯನ್ನು. ಕಾನೂನು ಬಂದು ಗದ್ದೆ ಉಳುವವರದಾದ ಮೇಲೆ ಎರಡು ಮನೆಗಳ ನಡುವೆ ಮಾತು ನಿಂತಿತ್ತು. ಇಬ್ಬರಿಗೂ ಅದು ಗೊತ್ತಿದ್ದರೂ ಒಬ್ಬರೂ ಆ ಮಾತು ಎತ್ತಿರಲಿಲ್ಲ. ಒಬ್ಬ ಆಡುವಾಗ ಇನ್ನೊಬ್ಬ ಭುಜಕ್ಕೆ ಭುಜ ತಾಗುವಂತೆ ನಿಂತು, ಎಡಗಡೆಯಿಂದ ಬಂತು ನೋಡು ಎಂದು ಎಚ್ಚರಿಸುತ್ತಿದ್ದ. ಭೂತಪ್ಪ ಅವನನ್ನು ಮುಕುಂದಣ್ಣ ಎನ್ನುವಷ್ಟು ಸಲುಗೆ ಬೆಳೆದಿತ್ತು.

ಬೇಸಿಗೆಯಲ್ಲಿ ಏಜೆಂಟನ ಮೆಕ್ಯಾನಿಕ್ ಬಂದು ವಿಮಾನದ ಮೆಷಿನ್ನಿನ ಹಿಂಬದಿ ಬಿಚ್ಚಿ ಒಂದು ಸಣ್ಣ ಸ್ವಿಚ್ ಬದಲಿಸಿ ಹೋದ. ಅಂದಿನಿಂದ ಮೂರೂ ವಿಮಾನ ಬಿದ್ದ ಮೇಲೆ ಪರದೆಯ ಮೇಲೆ ಅಂಕಿಗಳು ಇಳಿಯತೊಡಗುತ್ತಿದ್ದವು. ಅವು ಸೊನ್ನೆಗೆ ಬರುವುದರೊಳಗೆ ಇನ್ನೊಂದು ಟೋಕನ್ ಹಾಕಿದರೆ ಬಿದ್ದ ಜಾಗದಿಂದಲೇ ಆಟ ಮುಂದುವರಿಯುತ್ತಿತ್ತು. ಮುಕುಂದಯ್ಯನಿಗೆ ಇದು ಬಹಳ ಹಿಡಿಸಿತು. ಒಂದು ಸಂಜೆ ಕೈತುಂಬ ಟೋಕನ್ ಹಿಡಿದು ನಿಂತವನು, ಯಾರೂ ನೋಡಿರದ ಒಂಬತ್ತನೇ ದ್ವೀಪ ಮುಟ್ಟಿದ. ನಿಂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮಂಜುನಾಥಪ್ಪ ಐದನೇ ದ್ವೀಪದ ತನಕ ಹೋಗಿದ್ದ ಭೂತಪ್ಪನ ಹೆಸರು ಒರೆಸಿ ಮುಕುಂದಯ್ಯನ ಹೆಸರು ಬರೆದ.

ಮರುದಿನ ಮಧ್ಯಾಹ್ನ ಭೂತಪ್ಪ ಬಂದು ಹಲಗೆ ನೋಡಿದ. ಹೇಗೆ ಎಂದು ಕೇಳಿ ತಿಳಿದುಕೊಂಡ. ಒಳ್ಳೆದಾಯ್ತು ಎಂದು ಹೇಳಿ, ಟೋಕನ್ ಕೊಳ್ಳದೆ ಹೊರಟುಹೋದ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಕೆಲವು ದಿನ ಮುಕುಂದಯ್ಯ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆದರೆ ಪಕ್ಕದಲ್ಲಿ ನಿಂತು ಎಚ್ಚರಿಸುವವನಿಲ್ಲದೆ ಆಟ ಸಪ್ಪೆಯೆನಿಸತೊಡಗಿತು. ಹೊಸನಗರದಲ್ಲಿ ಕೆಲಸವಿದ್ದ ಒಂದು ದಿನ ಬೇಕೆಂದೇ ಭೂತಪ್ಪನ ಬಸ್ಸು ಹತ್ತಿದ.

"ಎಲ್ಲಿಗೆ ಗೌಡ್ರೆ?" ಎಂದು ಭೂತಪ್ಪ ಟಿಕೆಟ್ ಹರಿಯುತ್ತ ಕೇಳಿದ.

ಆ ಗೌಡ್ರೆ ಎಂಬ ಮಾತು ಮುಕುಂದಯ್ಯನಿಗೆ ಚುಚ್ಚಿತು. ಬಟ್ಟೆಮಲ್ಲಪ್ಪದಲ್ಲಿ ಬಹಳ ಜನ ಇಳಿದ ಮೇಲೆ ಭೂತಪ್ಪನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ನನ್ನ ಮೇಲೆ ಸಿಟ್ಟಾ ಎಂದು ನೇರವಾಗಿ ಕೇಳಿದ.

"ಸಿಟ್ಟು ಎಂತಕ್ಕೆ? ನಿಮ್ ದುಡ್ಡು, ನೀವ್ ಆಡ್ತೀರಿ," ಎಂದ ಭೂತಪ್ಪ. "ಆ ಮೆಷಿನ್ ಮುಂದೆ ನಿಂತ್ರೆ ನಂದೂ ಎಂಟಾಣೆ, ನಿಮ್ದೂ ಎಂಟಾಣೆ. ಬೇರೆ ಎಲ್ಲೂ ನಂಗೆ ಹಂಗೆ ಅನ್ಸಿರ್ಲಿಲ್ಲ. ಈಗ ಅಲ್ಲೂ ಜೇಬು ನೋಡ್ಕೊಂಡೇ ಆಡ್ಬೇಕು. ಅಷ್ಟೇ ಬೇಜಾರು."

ಮುಕುಂದಯ್ಯ ಹೊಸನಗರದಲ್ಲಿ ಇಳಿಯುವಾಗ ಬರ್ತೀನಿ ಎಂದಷ್ಟೇ ಹೇಳಿದ.

ಮರುದಿನ ಸಂಜೆ ಅವನು ಮಂಜುನಾಥಪ್ಪನಿಗೆ ಆ ಸ್ವಿಚ್ ಮೊದಲಿನಂತೆ ಮಾಡಿಸಲು ಹೇಳಿದ. ಮಂಜುನಾಥಪ್ಪ ತನ್ನ ಕಷ್ಟ ಬಿಡಿಸಿ ಹೇಳಿದ. ಬಂದದ್ದರಲ್ಲಿ ಅರ್ಧ ಏಜೆಂಟನಿಗೆ ಹೋಗುತ್ತದೆ, ಕರೆಂಟ್ ಬಿಲ್ ಬೇರೆ. ಟೋಕನ್ ಮೇಲೆ ಟೋಕನ್ ಹಾಕುವವರಿಂದಲೇ ಈಗ ನಾಲ್ಕು ಕಾಸು ಉಳಿಯುತ್ತಿರುವುದು. ಹಾಗಾದರೆ ಟೋಕನ್ನಿಗೇ ಒಂದು ರೂಪಾಯಿ ಮಾಡು, ಎಷ್ಟು ಕೊಡಬೇಕೆಂದು ಮೊದಲೇ ಗೊತ್ತಿರುತ್ತದೆ ಎಂದ ಮುಕುಂದಯ್ಯ.

ಅಲ್ಲಿದ್ದವರೆಲ್ಲ ಈಗ ಮಾತಿಗೆ ಸೇರಿದರು. ಕಾಲೇಜಿಗೆ ಹೋಗುವ ಕನ್ನಪ್ಪ ಒಪ್ಪಲಿಲ್ಲ. ತಾನು ಯಾವತ್ತೂ ಎರಡನೇ ಟೋಕನ್ ಹಾಕಿದವನಲ್ಲ, ಬೇರೆಯವರ ಚಪಲಕ್ಕೆ ತಾನೇಕೆ ಎರಡರಷ್ಟು ಕೊಡಬೇಕು ಎಂದು ಕೇಳಿದ. ಗಂಟೆಗೆ ಇಷ್ಟು ಎಂದು ಬಾಡಿಗೆ ಮಾಡಿದರಾಯಿತು ಎಂದ ಒಬ್ಬ. ಹಾಗೆ ಮಾಡಿದರೆ ಉಳಿದವರು ಬಾಗಿಲಲ್ಲೇ ಕಾಯಬೇಕು ಎಂದು ಇನ್ನೊಬ್ಬ ಹೇಳಿದ. ಪಕ್ಕದ ಅಂಗಡಿಯ ಟೈಲರ್ ಸೀತಾರಾಮಪ್ಪ ಎಲ್ಲ ಕೇಳಿಸಿಕೊಂಡು ಕೊನೆಗೆ ಬಾಯಿ ಬಿಟ್ಟ.

"ನನ್ ಕೈ ಓಡಲ್ಲ ಮಾರಾಯ್ರೆ. ಹಲಗೆ ಮೇಲೆ ಹೆಸ್ರೂ ಬ್ಯಾಡ. ಮುಂದಿನ ದ್ವೀಪ ಹೆಂಗಿದೆ ಅಂತ ನೋಡೋ ಆಸೆ. ಇನ್ನೊಂದ್ ಟೋಕನ್ ಹಾಕಿ ನೋಡ್ತೀನಿ. ಅದರಲ್ಲಿ ತಪ್ಪೆಂತದು?"

ಅದೂ ಸರಿಯಿತ್ತು. ಮುಕುಂದಯ್ಯ ಕೂಡ ತಲೆಯಾಡಿಸಿದ. ತಪ್ಪಿದ್ದದ್ದು ಟೋಕನ್ ಹಾಕಿದ್ದರಲ್ಲಲ್ಲ, ಹಾಗೆ ಆಡಿದ್ದನ್ನು ಹಲಗೆಯಲ್ಲಿ ಭೂತಪ್ಪನ ಒಂದೇ ಟೋಕನ್ನಿನ ಆಟದ ಜಾಗದಲ್ಲಿ ಬರೆಸಿಕೊಂಡದ್ದರಲ್ಲಿ ಎಂದು ಅವನಿಗೆ ಆಗ ತೋಚಿತು.

ಕೊನೆಗೆ ಮಂಜುನಾಥಪ್ಪ ತೀರ್ಮಾನಿಸಿದ. ಕಾರಿನ ಆಟ ಎಂಟಾಣೆಗೇ ಉಳಿಯಿತು. ವಿಮಾನಕ್ಕೆ ಮುಕ್ಕಾಲು ರೂಪಾಯಿ, ಎರಡನೇ ಟೋಕನ್ ಇಲ್ಲ. ಭಾನುವಾರ ಮಾತ್ರ ಆ ಸ್ವಿಚ್ ತಿರುಗಿಸಿ ಎರಡನೇ ಟೋಕನ್ನಿಗೆ ಬಿಡುವುದು, ಅವತ್ತು ಹಲಗೆಯಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಕನ್ನಪ್ಪ ಗೊಣಗುತ್ತಲೇ ಕಾರಿನ ಕಡೆ ಹೋದ. ಏಜೆಂಟ್ ಫೋನಿನಲ್ಲಿ ತಕರಾರು ಮಾಡಿದಾಗ, ಬೇಕಾದರೆ ಮೆಷಿನ್ ವಾಪಸ್ ತಗೊಂಡು ಹೋಗಿ ಎಂದ ಮಂಜುನಾಥಪ್ಪ. ಏಜೆಂಟ್ ಕೊನೆಗೆ ಒಪ್ಪಿಕೊಂಡ.

ಮುಕುಂದಯ್ಯ ಹಲಗೆಯಿಂದ ತನ್ನ ಹೆಸರನ್ನು ತಾನೇ ಒರೆಸಿದ. ಭೂತಪ್ಪನಿಗೆ ಸುದ್ದಿ ಮುಟ್ಟಿಸಿದ್ದು ಅವನ ಬಸ್ಸಿನ ಡ್ರೈವರ್. ಮಳೆ ಹಿಡಿಯುವ ಮೊದಲು ಒಂದು ಮಧ್ಯಾಹ್ನ ಭೂತಪ್ಪ ಬಂದ. ಬೆಲೆ ಕೇಳಿ ಹುಬ್ಬು ಗಂಟಿಕ್ಕಿದ.

"ಇಷ್ಟಾದ್ರೆ ದಿನಾ ಬರಕ್ಕಾಗಲ್ಲ. ಆದಾಗ ಬರ್ತೀನಿ. ಎಲ್ಲಿ ತನಕ ಹೋಗ್ತೀನೋ ಅದು ನಂದು," ಎಂದ.

ಅಭ್ಯಾಸ ತಪ್ಪಿದ ಕೈ. ಎರಡನೇ ದ್ವೀಪ ದಾಟುವಷ್ಟರಲ್ಲಿ ಎರಡು ವಿಮಾನ ಹೋದವು. ಮುಕುಂದಯ್ಯ ತನ್ನ ಅಂಗಡಿಯ ಬಾಗಿಲು ಎಳೆದುಕೊಂಡು ಬಂದು ಪಕ್ಕದಲ್ಲಿ ನಿಂತಿದ್ದ. ಪರದೆಯಿಂದ ಕಣ್ಣು ತೆಗೆಯದೆ ಭೂತಪ್ಪ ಕೇಳಿದ.

"ಅಲ್ಲಾ ಮುಕುಂದಣ್ಣ, ಆ ಒಂಬತ್ತನೇ ದ್ವೀಪದಲ್ಲಿ ಎಂತ ಇತ್ತು?"

ಮುಕುಂದಯ್ಯ ನೆನಪು ಮಾಡಿಕೊಳ್ಳಲು ನೋಡಿದ. ಅಂಕಿ ಇಳಿಯುತ್ತಿದ್ದುದು, ಅವಸರದಲ್ಲಿ ಟೋಕನ್ ಹುಡುಕಿದ್ದು, ಅಷ್ಟು ಬಿಟ್ಟರೆ ಬೇರೇನೂ ಕಣ್ಣ ಮುಂದೆ ಬರಲಿಲ್ಲ.

"ಸರಿಯಾಗಿ ನೋಡ್ಲಿಲ್ಲ ಮಾರಾಯ," ಎಂದ.

ಭೂತಪ್ಪ ನಕ್ಕುಬಿಟ್ಟ. ಆ ನಗುವಿನಲ್ಲೇ ಕೊನೆಯ ವಿಮಾನವೂ ಸಮುದ್ರಕ್ಕೆ ಬಿತ್ತು. ಅವನು ಬೇಸರಪಟ್ಟುಕೊಳ್ಳದೆ ಪಕ್ಕಕ್ಕೆ ಸರಿದು ಮುಕುಂದಯ್ಯನಿಗೆ ಜಾಗ ಬಿಟ್ಟ.